‘ಡಾಕ್ಟರನ್ನೇ ಹೇಗೆ ಕೇಳುವುದು ಮೇಡಂ?’: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ವಸುಧಾ ಎಂದು ಕರೆದಿರುವವರ ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಅವರ ಒಪ್ಪಿಗೆ ಪಡೆದು ಬದಲಿಸಿದ್ದೇನೆ. ವಯಸ್ಸು 33. ಬ್ಯಾಂಕಿನ ಸಾಲ ವಿಭಾಗದಲ್ಲಿ ಅಧಿಕಾರಿ. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್ ಹೆರಿಗೆ. ಎರಡನೆಯ ಹೆರಿಗೆಯಾಗಿ 14 ತಿಂಗಳು ಕಳೆದಿತ್ತು. ಅವರು ನನ್ನ ಬಳಿಗೆ ಬಂದದ್ದು ಎರಡು ವಾರಗಳಿಂದ ನಿದ್ರೆ ಬರುತ್ತಿಲ್ಲ ಎಂಬ ಕಾರಣಕ್ಕೆ. ಅರ್ಧ ಗಂಟೆ ಮಕ್ಕಳ ಶಾಲೆ, ಅತ್ತೆಯವರ ಮಂಡಿನೋವು, ಕಚೇರಿಯ ಗುರಿ ಎಂದೆಲ್ಲ ಮಾತನಾಡಿದ ಮೇಲೆ, ಹೊಟ್ಟೆಯ ಕೊಬ್ಬು ಹೀರಿ ಜೋತುಬಿದ್ದ ಚರ್ಮವನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಗೆ 25,000 ರೂಪಾಯಿ ಮುಂಗಡ ಕಟ್ಟಿದ್ದಾರೆಂಬುದೂ, ಅದಕ್ಕೆ ಒಂಬತ್ತೇ ದಿನ ಉಳಿದಿದೆಯೆಂಬುದೂ ಹೊರಬಿತ್ತು. ಪತಿಗೆ ಹೇಳಿರಲಿಲ್ಲ. ಎರಡು ದಿನದ ತರಬೇತಿಗೆ ಹೋಗುತ್ತೇನೆಂದು ಹೇಳಿ ಹೋಗುವ ಯೋಚನೆಯಿತ್ತು.

ಇಷ್ಟಕ್ಕೆಲ್ಲ ಮೂಲ ಗೃಹಪ್ರವೇಶವೊಂದರ ಪಂಕ್ತಿಯಲ್ಲಿ ಕೇಳಿಬಂದ ಒಂದು ಪ್ರಶ್ನೆ. ಹಿರಿಯ ಬಂಧುವೊಬ್ಬರು ಎಲ್ಲರೆದುರು, ‘ಎಷ್ಟನೇ ತಿಂಗಳಮ್ಮಾ?’ ಎಂದು ವಿಚಾರಿಸಿದ್ದರು. ಅಂದು ಎಲೆ ಬಿಟ್ಟು ಎದ್ದವರು ರಾತ್ರಿಯೇ ಮೊಬೈಲಿನಲ್ಲಿ ಜಾಹೀರಾತುಗಳನ್ನು ಹುಡುಕಿದರು. ಆರು ವಾರದಲ್ಲಿ ನಾದಿನಿಯ ಮದುವೆ. ಭಾನುವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ, ಉಳಿದದ್ದಕ್ಕೆ ಬಡ್ಡಿಯಿಲ್ಲದ ಕಂತು ಎಂದು ಕ್ಲಿನಿಕ್ಕಿನ ಸಿಬ್ಬಂದಿ ದಿನಕ್ಕೆ ಎರಡು ಬಾರಿ ಕರೆ ಮಾಡುತ್ತಿದ್ದರು.

ಶಸ್ತ್ರಚಿಕಿತ್ಸೆ ಬೇಕು ಅಥವಾ ಬೇಡ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಈ ಬಯಕೆಯ ಹಿಂದೆ ಸ್ವಂತ ದೇಹವನ್ನು ಇದ್ದುದಕ್ಕಿಂತ ವಿಕಾರವಾಗಿ ಕಾಣುವ ಮನೋವ್ಯಾಧಿ ಇದೆಯೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಅದು ಇದ್ದರೆ ಎಷ್ಟು ಶಸ್ತ್ರಚಿಕಿತ್ಸೆಯಾದರೂ ಸಮಾಧಾನ ಸಿಗುವುದು ಅಪರೂಪ. ಕನ್ನಡಿಯ ಮುಂದೆ ಕಳೆಯುವ ಹೊತ್ತು, ಜನರಿಂದ ತಪ್ಪಿಸಿಕೊಳ್ಳುವ ರೀತಿ, ಕೆಲಸದ ಮೇಲಿನ ಪರಿಣಾಮ ಎಲ್ಲವನ್ನೂ ವಿಚಾರಿಸಿದೆ. ವಸುಧಾ ಅವರಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಎರಡು ಬಸಿರು ಹೊತ್ತ ಹೊಟ್ಟೆ ಸಡಿಲಾಗಿತ್ತು, ಅದು ಅವರಿಗೆ ಬೇಸರ ತಂದಿತ್ತು, ಅಷ್ಟೆ. ಆ ಬೇಸರವನ್ನು ಹಗುರವಾಗಿ ಕಾಣುವ ಹಕ್ಕು ನನಗೂ ಇಲ್ಲ, ಬಂಧುಬಳಗಕ್ಕೂ ಇಲ್ಲ.

ಹಾಗಾದರೆ ನಿದ್ರೆ ಕೆಡಿಸಿದ್ದು ಯಾವುದು? ‘ಆಪರೇಷನ್ ಮಾಡುವ ಡಾಕ್ಟರ ಹೆಸರೇನು?’ ಎಂದು ಕೇಳಿದಾಗ ಅವರು ಪರ್ಸಿನಿಂದ ಕಾರ್ಡೊಂದನ್ನು ತೆಗೆದರು. ದಪ್ಪ ಚಿನ್ನದ ಅಕ್ಷರಗಳಲ್ಲಿ ‘ಕಾಸ್ಮೆಟಿಕ್ ಸರ್ಜನ್’ ಎಂದಿತ್ತು. ಕೆಳಗೆ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಎಂಬಿಬಿಎಸ್, ಆಮೇಲೆ ಒಂದು ಫೆಲೋಶಿಪ್. ನೋಂದಣಿ ಸಂಖ್ಯೆ ಇರಲಿಲ್ಲ. ‘ಇದನ್ನು ಗಮನಿಸಿರಲಿಲ್ಲವೇ?’ ಎಂದರೆ, ‘ಗಮನಿಸಿದ್ದೆ ಮೇಡಂ. ಆದರೆ ಡಾಕ್ಟರನ್ನೇ ಹೇಗೆ ಕೇಳುವುದು, ನೀವು ಏನು ಓದಿದ್ದೀರಿ ಅಂತ?’ ಎಂದರು. ಅಂದರೆ ಅನುಮಾನ ಮೊದಲಿಂದಲೂ ಇತ್ತು. ಅದನ್ನು ಬಾಯಿಬಿಟ್ಟು ಕೇಳಲಾಗದ ಸಂಕೋಚವೇ ರಾತ್ರಿಯೆಲ್ಲ ಕಾಡುತ್ತಿತ್ತು. ಇವರಿಗೆ ಮಾಹಿತಿಗಿಂತ ಹೆಚ್ಚಾಗಿ ಬೇಕಿದ್ದದ್ದು ಕೇಳುವ ಅಭ್ಯಾಸ ಎಂದು ನನಗೆ ಅಂದೇ ಅನ್ನಿಸಿತು.

ಎರಡು ಲಕ್ಷದ ಸಾಲ ಕೇಳಿ ಬಂದವರಿಂದ ನೀವು ಏನೇನು ದಾಖಲೆ ಕೇಳುತ್ತೀರಿ ಎಂದು ವಿಚಾರಿಸಿದೆ. ಪಾನ್, ಆಧಾರ್, ಸಂಬಳದ ಚೀಟಿ, ಆರು ತಿಂಗಳ ಸ್ಟೇಟ್‌ಮೆಂಟ್ ಎಂದು ಬೆರಳು ಮಡಿಸುತ್ತಾ ಹೋದವರು ನಡುವೆಯೇ ನಿಂತು ನಕ್ಕರು. ‘ಕೆವೈಸಿ ಇಲ್ಲದೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟಿದ್ದೆ’ ಎಂದರು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಈ ಕೆಲಸಕ್ಕೆ ‘ಡಾಕ್ಟರ ಕೆವೈಸಿ’ ಎಂದೇ ಹೆಸರಾಯಿತು.

ಆ ಪರಿಶೀಲನೆಯ ಮೊದಲ ಭಾಗವನ್ನು ನಾನು ಹೀಗೆ ವಿವರಿಸಿದೆ. ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗುವವರು ಸಾಮಾನ್ಯವಾಗಿ ಎಂಬಿಬಿಎಸ್ ಮತ್ತು ಜನರಲ್ ಸರ್ಜರಿಯ ಎಂಎಸ್ ಮುಗಿಸಿ, ಆಮೇಲೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಎಂಬ ಉನ್ನತ ಪದವಿಗೆ ಅಥವಾ ಅದಕ್ಕೆ ಸಮನಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪದವಿಗೆ ಓದಿರುತ್ತಾರೆ. ‘ಕಾಸ್ಮೆಟಿಕ್ ಸರ್ಜನ್’ ಎಂಬುದು ಅಂಥ ಪದವಿಯ ಹೆಸರಲ್ಲ. ಕೆಲವು ವಾರಗಳ ಕೋರ್ಸು ಮಾಡಿದವರೂ ಫಲಕದಲ್ಲಿ ಹಾಗೆ ಬರೆಸಿಕೊಂಡಿರಬಹುದು. ಕಾರ್ಯಾಗಾರದಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆ ಆರಂಭಿಸಲು ಸಾಕಾಗುವ ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಮೂಲ ಪದವಿಯ ಜೊತೆಗೆ ಈ ಹೆಚ್ಚುವರಿ ಪದವಿಯೂ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳುವಂತೆ ತಿಳಿಸಿದೆ.

ಎರಡನೆಯ ಭಾಗ ಸ್ಥಳದ್ದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಕ್ಲಿನಿಕ್ಕಿಗೂ ಆಸ್ಪತ್ರೆಗೂ ನೋಂದಣಿ ಇರಲೇಬೇಕು, ಅದರ ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ಆದರೆ ಪ್ರಮಾಣಪತ್ರ ಇದ್ದಮಾತ್ರಕ್ಕೆ ಅಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಮಾಡಬಹುದೆಂದಲ್ಲ. ಅದು ಯಾವ ಬಗೆಯ ಸಂಸ್ಥೆಗೆ ಕೊಟ್ಟದ್ದು ಎಂದು ಓದಬೇಕು. ಅರಿವಳಿಕೆ ಕೊಡುವ ತಜ್ಞರು ಯಾರು, ಅವರು ಕೊನೆಯ ಹೊಲಿಗೆಯವರೆಗೂ ಅಲ್ಲೇ ಇರುತ್ತಾರೆಯೇ, ರಕ್ತದೊತ್ತಡ ಕುಸಿದರೆ ಅಥವಾ ಉಸಿರು ಕಟ್ಟಿದರೆ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಯೊಂದಿಗೆ ಒಪ್ಪಂದವಿದೆ ಎಂಬುದನ್ನೆಲ್ಲ ಮುಂಚಿತವಾಗಿಯೇ ತಿಳಿಯಬೇಕು. ಕೊಬ್ಬು ಹೀರುವುದು ತೂಕ ಇಳಿಸುವ ಚಿಕಿತ್ಸೆಯಲ್ಲ. ಒಟ್ಟು 5 ಲೀಟರಿಗಿಂತ ಹೆಚ್ಚು ಹೀರಿದರೆ ಅದನ್ನು ದೊಡ್ಡ ಪ್ರಮಾಣದ್ದೆಂದು ಪರಿಗಣಿಸಿ ರಾತ್ರಿಯಿಡೀ ಆಸ್ಪತ್ರೆಯಲ್ಲಿ ನಿಗಾ ಇಡುವುದು ರೂಢಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಲಿ ಕೊಬ್ಬಿನ ಕಣವಾಗಲಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಕೆಲವು ನಿಮಿಷಗಳೇ ನಿರ್ಣಾಯಕವಾಗುತ್ತವೆ.

ಇಲ್ಲಿ ಬೆಂಗಳೂರಿನ ಒಂದು ಪ್ರಕರಣವನ್ನು ನೆನಪಿಸಬೇಕಾಯಿತು. 2022ರ ಮೇ ತಿಂಗಳಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಹೋಗಿದ್ದರೆಂದು ಆಗ ವರದಿಯಾಗಿತ್ತು. ಹೆದರಿಸಲೆಂದು ಇದನ್ನು ಹೇಳಲಿಲ್ಲ. ಮನೆಗೆ ಬಂದ ರಾತ್ರಿ ಮೀನಖಂಡ ನೋಯುತ್ತಿದೆ, ಏದುಸಿರು ಬರುತ್ತಿದೆ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ವಿಷಯ ಗೊತ್ತಿರುವ ಒಬ್ಬರು ಇರಲೇಬೇಕು ಎಂಬುದಷ್ಟೇ ನನ್ನ ಒತ್ತಾಯವಾಗಿತ್ತು. ಅನುಮತಿ ಕೇಳಬೇಕಿಲ್ಲ, ತಿಳಿಸಿದರೆ ಸಾಕು ಎಂದೆ. ಈ ವ್ಯತ್ಯಾಸ ಅವರಿಗೆ ಬಹಳ ಮುಖ್ಯವಾಯಿತು. ಆ ವಾರವೇ ಪತಿಗೆ ಹೇಳಿದರು. ಅವರು ಮೊದಲು ಸಿಟ್ಟಾದರು, ಆಮೇಲೆ ತಾವೂ ಬರುತ್ತೇನೆಂದರು.

ಎರಡನೆಯ ಭೇಟಿಯಲ್ಲಿ ನಾನು ವೈದ್ಯರ ಪಾತ್ರ ವಹಿಸಿದೆ, ಅವರು ಪ್ರಶ್ನೆ ಕೇಳಿದರು. ಮೊದಲ ಸಲ, ‘ತಪ್ಪು ತಿಳಿಯಬೇಡಿ ಸಾರ್’ ಎಂದೇ ಮೂರು ಬಾರಿ ಆರಂಭಿಸಿ ಮಾತು ನುಂಗಿದರು. ಐದನೆಯ ಸಲಕ್ಕೆ, ‘ಸಾರ್, ನಿಮ್ಮ ನೋಂದಣಿ ಸಂಖ್ಯೆ ಬರೆದುಕೊಡಿ, ಮನೆಯಲ್ಲಿ ಕೇಳುತ್ತಾರೆ’ ಎಂದು ಸರಾಗವಾಗಿ ಬಂತು. ‘ಮನೆಯಲ್ಲಿ ಕೇಳುತ್ತಾರೆ’ ಎಂಬುದು ಅವರೇ ಕಂಡುಕೊಂಡ ಊರುಗೋಲು. ನಾನು ತಿದ್ದಲಿಲ್ಲ.

ಮರುವಾರ ದಂಪತಿ ಕ್ಲಿನಿಕ್ಕಿಗೆ ಹೋಗಿ ಬಂದರು. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ, ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂಬ ಉತ್ತರ ಬಂದಿತ್ತು. ಅರಿವಳಿಕೆ ತಜ್ಞರು ‘ಆ ದಿನ ಯಾರು ಸಿಗುತ್ತಾರೋ ಅವರು’. ಒಪ್ಪಿಗೆ ಪತ್ರದಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿನ ಜಾಗ ಖಾಲಿಯಿತ್ತು, ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿತ್ತು. ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ, ಜೀವ ಉಳಿಸುವ ತುರ್ತಿಲ್ಲದಿದ್ದರೆ, ಇನ್ನೊಂದಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿರುವುದನ್ನು ನಾನು ತಿಳಿಸಿದ್ದೆ. ಆದರೆ ಖಾಲಿ ಫಾರ್ಮಿಗೆ ಸಹಿ ಹಾಕಬಾರದೆಂದು ಬ್ಯಾಂಕಿನವರಿಗೆ ಯಾರೂ ಕಲಿಸಬೇಕಿರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ಅವರ ಪತಿಯ ಕಣ್ಣಿಗೆ ಬಿದ್ದದ್ದು ಲಿಫ್ಟು. ಕ್ಲಿನಿಕ್ ಮೂರನೆಯ ಮಹಡಿಯಲ್ಲಿತ್ತು. ನಾಲ್ಕು ಜನ ಒತ್ತಿ ನಿಲ್ಲುವಷ್ಟು ಲಿಫ್ಟು, ಒಬ್ಬರೇ ಇಳಿಯುವಷ್ಟು ಮೆಟ್ಟಿಲು. ಸ್ಟ್ರೆಚರ್ ಹೇಗೆ ಇಳಿಸುತ್ತೀರೆಂದು ಅವರು ಕೇಳಿದಾಗ ಸ್ವಾಗತಕಾರಿಣಿ ಒಳಗಿನವರ ಮುಖ ನೋಡಿದರಂತೆ. ನನ್ನ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ.

ಮುಂಗಡ ಬಿಟ್ಟರೂ ಚಿಂತೆಯಿಲ್ಲವೆಂದು ದಿನಾಂಕ ರದ್ದು ಮಾಡಿಸಿದರು. ಆಮೇಲೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯೊಂದರಲ್ಲಿ ಎಂ.ಸಿಎಚ್. ಆದ ಸರ್ಜನ್ನರನ್ನು ಕಂಡರು. ಪರೀಕ್ಷಿಸಿದ ಆ ವೈದ್ಯರು, ಹೊಟ್ಟೆಯ ನಡುವಿನ ಸ್ನಾಯುಗಳು ಬಸಿರಿನಲ್ಲಿ ಅಗಲಿವೆ, ಹೊಕ್ಕುಳ ಬಳಿ ಸಣ್ಣ ಹರ್ನಿಯಾ ಇದೆ, ಕೊಬ್ಬು ಹೀರಿದರೆ ಇವೆರಡೂ ಸರಿಯಾಗುವುದಿಲ್ಲ ಎಂದರಂತೆ. ಆರು ತಿಂಗಳು ತೂಕ ಒಂದೇ ಮಟ್ಟದಲ್ಲಿರಲಿ, ಅಷ್ಟರಲ್ಲಿ ಫಿಸಿಯೋಥೆರಪಿ ಮಾಡಿ, ಮದುವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂಬುದು ಅವರ ಸಲಹೆ. ಸೌಂದರ್ಯಕ್ಕಾಗಿ ಮಾಡುವ ಭಾಗಕ್ಕೆ ಆರೋಗ್ಯ ವಿಮೆ ಸಿಗುವುದಿಲ್ಲ, ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಹರ್ನಿಯಾದ ಭಾಗವನ್ನು ವಿಮಾ ಕಂಪನಿಯೊಂದಿಗೆ ಪ್ರತ್ಯೇಕವಾಗಿ ವಿಚಾರಿಸಿ ಎಂದು ನಾನು ಸೇರಿಸಿದೆ.

ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ರೆ ಮರಳಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ, ಅದಕ್ಕೆ ಅವಸರವೂ ಕಾಣಲಿಲ್ಲ. ನಾದಿನಿಯ ಮದುವೆಯಲ್ಲಿ ಅದೇ ಬಂಧು ಮತ್ತೆ ಎದುರಾದರೆ ಏನು ಹೇಳಬೇಕೆಂದು ಅಭ್ಯಾಸ ಮಾಡಲು ಉಳಿದ ಅರ್ಧ ಗಂಟೆಯನ್ನು ಬಳಸಿಕೊಂಡೆವು.