ಕಾಸರಗೋಡಿನವರು ಕೇಳಿದ್ದು: ವಿಶ್ವಸಂಸ್ಥೆಯಂಥ ಕಡೆ ‘ಪಬ್ಲಿಕ್ ಅಫೇರ್ಸ್’ ಕೆಲಸ ಅಂದ್ರೆ ಏನು?

ಊರಿನ ಸಂಗತಿಯನ್ನು, ಸಭೆಯಲ್ಲಿ ಕೂತ ದೇಶಗಳು ತೀರ್ಮಾನ ಮಾಡಬಹುದಾದ ರೂಪಕ್ಕೆ ತರುವುದು. ಭಾಷಣ ಅದರಲ್ಲಿ ಸಣ್ಣ ಪಾಲು.

ಯಾಕೆಂದರೆ ಅಲ್ಲಿ ತೀರ್ಮಾನ ಸದಸ್ಯ ದೇಶಗಳದ್ದು. ಸರ್ಕಾರೇತರ ಸಂಘಟನೆಗಳು ಬರೀ ವೀಕ್ಷಕರು. ನಮ್ಮ ಎಂಡೋಸಲ್ಫಾನ್ ಕೀಟನಾಶಕದ ಕತೆಯನ್ನೇ ನೋಡಿ. ಕಾಸರಗೋಡಿನ ಎಣ್ಮಕಜೆಯ ಪಡ್ರೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ. ಜನರ ನೋವು ಎಷ್ಟೇ ದೊಡ್ಡದಿರಲಿ, ಬಹಳ ಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ತಜ್ಞರ ಸಮಿತಿ ಹಾನಿಯ ಪುರಾವೆಯ ಜೊತೆ ಇವನ್ನೂ ಕೇಳುತ್ತದೆ: ಇದು ಮಣ್ಣು, ನೀರಿನಲ್ಲಿ ಬಹಳ ಕಾಲ ಉಳಿಯುತ್ತಾ? ದೂರ ಸಾಗುತ್ತಾ? ದೇಹದಲ್ಲಿ ಸೇರಿಕೊಳ್ಳುತ್ತಾ? ಇದಕ್ಕೆಲ್ಲ ಪುರಾವೆ ಕೂಡಿಬಂದ ಮೇಲೆಯೇ 2011ರ ಏಪ್ರಿಲ್‌ನಲ್ಲಿ, ಜಿನೀವಾದಲ್ಲಿ, ಅದು ನಿಷೇಧದ ಪಟ್ಟಿಗೆ ಸೇರಿತು. ಅದೂ ಕೆಲವು ವಿನಾಯಿತಿಗಳ ಜೊತೆ.

ಇಂಗ್ಲಿಷ್ ಬೇಕೇ ಬೇಕು. ಆದರೆ ಸಂತ್ರಸ್ತರ ಮನೆ ಜಗಲಿಯಲ್ಲಿ ಕೂತು ಕನ್ನಡ, ತುಳು, ಮಲಯಾಳದಲ್ಲಿ ಕೇಳಿ, ತಾರೀಕು ಸಮೇತ ಬರೆದಿಡಬಲ್ಲವರು ಜಾಸ್ತಿ ಇಲ್ಲ. ನೀವು ಅಲ್ಲಿಂದ ಶುರು ಮಾಡಿ.