ಹೊಸ ಸಂಚಿಕೆ ಓದಿದವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ಒಂದು ವೈಜ್ಞಾನಿಕ ಕಲ್ಪನೆಯ ಕಾಮಿಕ್ಸ್ ಸರಣಿಯನ್ನು ಹೊಸದಾಗಿ ಹಿಡಿದಿದ್ದೀರಿ. ತಿಂಗಳಿಗೊಂದು ಸಂಚಿಕೆ. ಇತ್ತೀಚಿನದು ನಿಮಗೆ ಹಿಡಿಸಿತು. ಆದರೆ ಹಳೆಯ ಅಭಿಮಾನಿಗಳಲ್ಲಿ ಅರ್ಧ ಜನ ಕಥೆ ಹಳ್ಳ ಹಿಡಿಯಿತು ಎನ್ನುತ್ತಿದ್ದಾರೆ, ಉಳಿದರ್ಧ ಜನ ಇದುವರೆಗಿನ ಅತ್ಯುತ್ತಮ ಸಂಚಿಕೆ ಇದೇ ಎನ್ನುತ್ತಿದ್ದಾರೆ. ಎಲ್ಲರೂ ಓದಿದ್ದು ಅದೇ ಇಪ್ಪತ್ತು ಚಿಲ್ಲರೆ ಪುಟ. ಹಾಗಿರುವಾಗ ಯಾರನ್ನು ನಂಬುವುದು ಎಂದು ಕೇಳಿದ್ದೀರಿ.

ಮೊದಲ ದಿನದ ಮಾತು ಯಾರದ್ದೇ ಆಗಿರಲಿ, ನಂಬಬೇಡಿ, ನನ್ನದನ್ನೂ. ಆ ದಿನ ಓದುಗ ತಕ್ಕಡಿಗೆ ಹಾಕುವುದು ತಾನು ಕಾದ ಮೂವತ್ತು ದಿನಗಳನ್ನು. ಸಂಚಿಕೆ ಎದುರು ತಟ್ಟೆಯಲ್ಲಿ ಕುಳಿತಿರುತ್ತದೆ, ಅಷ್ಟೆ. ಮೂವತ್ತು ದಿನ ತಲೆಯಲ್ಲಿ ಸಾಕಿಕೊಂಡ ಊಹೆಗೆ ಸಮನಾಗಿ ತೂಗುವ ಇಪ್ಪತ್ತೆರಡು ಪುಟ ಸಿಗುವುದು ಅಪರೂಪ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಆ ಕಥೆ ಹೇಳುವಾಗ 'ಸಾಗಾ' ಸರಣಿಯ ಒಂದು ದೊಡ್ಡ ಗುಟ್ಟು ಒಡೆಯಬೇಕಾಗುತ್ತದೆ. ಅದನ್ನು ಓದುವ ಯೋಚನೆ ಇದ್ದರೆ ಮುಂದಿನ ನಾಲ್ಕು ಪ್ಯಾರಾ ಬಿಟ್ಟು ಮುಂದೆ ಹೋಗಿ.

ಬ್ರಯಾನ್ ಕೆ. ವಾನ್ ಬರೆದು ಫಿಯೋನಾ ಸ್ಟೇಪಲ್ಸ್ ಚಿತ್ರಿಸುವ ಈ ಸರಣಿ 2012ರ ಮಾರ್ಚ್‌ನಲ್ಲಿ ಶುರುವಾಯಿತು. ಒಂದು ಗ್ರಹಕ್ಕೂ ಅದರ ಉಪಗ್ರಹಕ್ಕೂ ಮುಗಿಯದ ಯುದ್ಧ. ಗ್ರಹದವರಿಗೆ ರೆಕ್ಕೆ, ಉಪಗ್ರಹದವರಿಗೆ ಕೊಂಬು. ರೆಕ್ಕೆಯ ಅಲಾನಾ, ಕೊಂಬಿನ ಮಾರ್ಕೋ ಮದುವೆಯಾಗಿ ಮಗುವನ್ನು ಎತ್ತಿಕೊಂಡು ಎರಡೂ ಕಡೆಯವರಿಂದ ಓಡುತ್ತಿರುತ್ತಾರೆ. ಕಥೆ ಹೇಳುವವಳು ಆ ಮಗು ಹೇಜಲ್, ದೊಡ್ಡವಳಾದ ಮೇಲೆ. ಅವಳ ಮಾತುಗಳಿಗೆ ಚೌಕಟ್ಟಾಗಲಿ ಮಾತಿನ ಗುಳ್ಳೆಯಾಗಲಿ ಇರುವುದಿಲ್ಲ. ಸ್ಟೇಪಲ್ಸ್ ತಮ್ಮದೇ ಕೈಬರಹದಲ್ಲಿ ಚಿತ್ರದ ಮೇಲೇ ಬರೆಯುತ್ತಾರೆ. ಹಾಗಾಗಿ ಓದುವಾಗ ಯಾರೋ ಪಕ್ಕದಲ್ಲಿ ಕುಳಿತು ಹಳೆಯ ಆಲ್ಬಂ ತಿರುವುತ್ತಾ ಹೇಳುತ್ತಿರುವಂತೆ ಭಾಸವಾಗುತ್ತದೆ.

2018ರ ಜುಲೈನಲ್ಲಿ 54ನೆಯ ಸಂಚಿಕೆ ಬಂತು. ಅದರ ಹಿಂದಿನ ಸಂಚಿಕೆಯಲ್ಲೇ ಟಿವಿ ತಲೆಯ ರೋಬೋ ರಾಜಕುಮಾರ ಸತ್ತಿದ್ದ. ಈ ಕಂತಿನ ಸಾವಿನ ಬಾಕಿ ತೀರಿತು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಆಗ ಮಾರ್ಕೋ ಸತ್ತ. ಅದರ ಜತೆಗೆ ಸರಣಿಗೆ ಕನಿಷ್ಠ ಒಂದು ವರ್ಷ ವಿರಾಮ ಎಂಬ ಘೋಷಣೆಯೂ ಬಂತು.

ಅಂದು ರಾತ್ರಿ ನಾನು ಗೆಳೆಯರಿಗೆ ಬರೆದ ಪತ್ರ ಈಗಲೂ ನನ್ನ ಬಳಿ ಇದೆ. ಆರು ವರ್ಷ ಪ್ರೀತಿಸಲು ಹೇಳಿಕೊಟ್ಟು ಕೊನೆಗೆ ಕತ್ತು ಕೊಯ್ದರು, ಇದು ಓದುಗನಿಗೆ ಮಾಡಿದ ದ್ರೋಹ, ಇನ್ನು ಈ ಸರಣಿಯನ್ನು ಕೈಯಲ್ಲಿ ಮುಟ್ಟುವುದಿಲ್ಲ ಎಂದೆಲ್ಲ ಎರಡು ಪುಟ. ಕತ್ತು ಕೊಯ್ದರು ಎಂಬ ಮಾತನ್ನು ಮೂರು ಸಲ ಬಳಸಿದ್ದೇನೆ. ಚಿತ್ರದ ಬಗ್ಗೆ ಒಂದು ವಾಕ್ಯವೂ ಇಲ್ಲ. ಸಂಚಿಕೆಯ ಒಂದೇ ಒಂದು ಪುಟವನ್ನೂ ಹೆಸರಿಸಿಲ್ಲ. ಅದು ಸಂಚಿಕೆಯ ವಿಮರ್ಶೆಯಂತಿಲ್ಲ, ಸೂತಕದ ಮನೆಯಲ್ಲಿ ಕೂಗಾಡಿದಂತಿದೆ.

ಏಳೆಂಟು ತಿಂಗಳು ಕಳೆದ ಮೇಲೆ ಮೊದಲ ಸಂಚಿಕೆಯಿಂದ ಮತ್ತೆ ಓದಿದೆ. ಮೊದಲ ಸಂಚಿಕೆಯ ಮಾರ್ಕೋ ತಲೆಮಾರಿನಿಂದ ಬಂದ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಇದನ್ನು ಇನ್ನೆಂದೂ ಒರೆಯಿಂದ ತೆಗೆಯುವುದಿಲ್ಲ ಎಂದು ಶಪಥ ಮಾಡಿದವನು. ಮುಂದಿನ ಐವತ್ತು ಸಂಚಿಕೆಗಳೂ ಆ ಶಪಥವನ್ನು ಒಂದಲ್ಲ ಒಂದು ರೀತಿಯಲ್ಲಿ ಪರೀಕ್ಷಿಸುತ್ತವೆ. ಅದು ಒಮ್ಮೆ ಮುರಿಯುತ್ತದೆ, ಒಮ್ಮೆ ಉಳಿಯುತ್ತದೆ, ಮತ್ತೆ ಮುರಿಯುತ್ತದೆ. ಅವನು ಹಾಸಿಗೆಯಲ್ಲಿ ಮಲಗಿ ಮುದುಕನಾಗಿ ಸತ್ತಿದ್ದರೆ ಈ ಎಲ್ಲ ಪುಟಗಳು ಸುಳ್ಳಾಗುತ್ತಿದ್ದವು. ಸಾಲದ್ದಕ್ಕೆ ಹೇಜಲ್ ಅಪ್ಪನ ಬಗ್ಗೆ ಮಾತನಾಡುವುದೆಲ್ಲ ಭೂತಕಾಲದಲ್ಲಿ. ಕಥೆ ಕಣ್ಣ ಮುಂದೆಯೇ ಹೇಳುತ್ತಿತ್ತು, ನನಗೆ ಕೇಳಿಸಿರಲಿಲ್ಲ. ಆ ಪತ್ರವನ್ನು ಹರಿಯದೆ ಇಟ್ಟುಕೊಂಡಿರುವುದು ಇದಕ್ಕೇ.

ಗುಟ್ಟು ಬೇಡವೆಂದು ಹಾರಿ ಬಂದವರು ಇಲ್ಲಿಂದ ಓದಬಹುದು.

ಸಿಟ್ಟು ತಪ್ಪು ವಿಳಾಸಕ್ಕೆ ಹೋಗುವುದೂ ಉಂಟು. ಇದೇ ಸರಣಿಯ 12ನೆಯ ಸಂಚಿಕೆ 2013ರ ಏಪ್ರಿಲ್‌ನಲ್ಲಿ ಬಂದಾಗ ಐಫೋನ್, ಐಪ್ಯಾಡ್‌ಗಳ ಕಾಮಿಕ್ಸ್ ಆ್ಯಪ್‌ನಲ್ಲಿ ಅದು ಸಿಗುವುದಿಲ್ಲ ಎಂಬ ಸುದ್ದಿ ಬಂತು. ಗಾಯಗೊಂಡ ರೋಬೋ ರಾಜಕುಮಾರನ ಪರದೆಯಂಥ ಮುಖದ ಮೇಲೆ, ಅಂಚೆಚೀಟಿಯ ಗಾತ್ರದಲ್ಲಿ, ಪುರುಷರಿಬ್ಬರ ಲೈಂಗಿಕತೆಯ ಚಿತ್ರ ಇದ್ದದ್ದು ಕಾರಣ. ಆ್ಯಪಲ್ ಸಂಸ್ಥೆ ನಿಷೇಧಿಸಿದೆ ಎಂದು ಲೇಖಕರೇ ತಿಳಿಸಿದ್ದರಿಂದ ಅಭಿಮಾನಿಗಳೆಲ್ಲ ಆ ಸಂಸ್ಥೆಯ ಮೇಲೆ ಮುಗಿಬಿದ್ದರು. ಮರುದಿನ ಆ ಆ್ಯಪ್ ನಡೆಸುತ್ತಿದ್ದ ಕಾಮಿಕ್ಸಾಲಜಿ ಕಂಪನಿ, ನಿಯಮವನ್ನು ಹಾಗೆ ಅರ್ಥೈಸಿ ತಡೆಹಿಡಿದದ್ದು ತಾನೇ, ಆ್ಯಪಲ್ ಅಲ್ಲ ಎಂದು ಒಪ್ಪಿಕೊಂಡಿತು. ಸಂಚಿಕೆ ಮಾರಾಟಕ್ಕೆ ಬಂತು. ಒಂದೇ ಒಂದು ದಿನ ಕಾದಿದ್ದರೆ ಎಷ್ಟೋ ಜನರ ಬೈಗುಳ ಉಳಿಯುತ್ತಿತ್ತು.

ಇನ್ನೊಂದು ಮಾತನ್ನು ನೀವು ಪದೇ ಪದೇ ಕೇಳಿರುತ್ತೀರಿ: 'ಈ ಸಂಚಿಕೆಯಲ್ಲಿ ಏನೂ ಆಗಲೇ ಇಲ್ಲ.' ಇದಕ್ಕೆ ಕಾರಣ ಬಹಳ ಸಲ ಲೇಖಕನ ಸೋಮಾರಿತನವಾಗಿರುವುದಿಲ್ಲ, ಕಥೆಯ ಅಳತೆ. ಅಮೆರಿಕದ ಅನೇಕ ಸರಣಿಗಳು ಈಗ ಐದಾರು ಸಂಚಿಕೆಗಳನ್ನು ಸೇರಿಸಿ ಒಂದು ಸಂಪುಟ ಮಾಡುತ್ತವೆ, ಕಥೆಯನ್ನೂ ಆ ಅಳತೆಗೇ ಹೆಣೆದಿರುತ್ತಾರೆ. ಸಂಪುಟದ ನಡುವಿನ ಸಂಚಿಕೆ ಮನೆಯ ಹಜಾರದಂತೆ, ಅಲ್ಲಿ ಯಾರೂ ನಿಲ್ಲುವುದಿಲ್ಲ, ಹಾದು ಹೋಗುತ್ತಾರೆ. ತಿಂಗಳಿಗೊಮ್ಮೆ ಓದುವವನು ಮಾತ್ರ ಅದೇ ಹಜಾರದಲ್ಲಿ ಮೂವತ್ತು ದಿನ ನಿಲ್ಲಬೇಕು, ರೇಗದೆ ಇನ್ನೇನು ಮಾಡುತ್ತಾನೆ? ಸಂಪುಟವಾಗಿ ಓದುವವನಿಗೆ ಅದು ಗಮನಕ್ಕೇ ಬರುವುದಿಲ್ಲ. ಇಬ್ಬರ ಮಾತೂ ನಿಜ, ಇಬ್ಬರೂ ಓದಿದ್ದು ಮಾತ್ರ ಬೇರೆ ಬೇರೆ ವಸ್ತು.

ಓದುವ ಸಾಧನವೂ ಹೀಗೇ. ಕಾಗದದ ಸಂಚಿಕೆಯಲ್ಲಿ ಬೆಚ್ಚಿಬೀಳಿಸುವ ಚಿತ್ರವನ್ನು ಬೇಕೆಂದೇ ಎಡಪುಟದಲ್ಲಿ ಇಡುತ್ತಾರೆ. ಬಲಪುಟದ ಕೊನೆಯ ಚೌಕಟ್ಟಿನಲ್ಲಿ ಯಾರೋ ಬಾಗಿಲ ಕಡೆ ನೋಡುತ್ತಿರುತ್ತಾರೆ, ನೀವು ಹಾಳೆ ತಿರುವುತ್ತೀರಿ, ಬಾಗಿಲಲ್ಲಿ ನಿಂತದ್ದು ಇಡೀ ಪುಟ ತುಂಬಿಕೊಂಡು ಎದುರಾಗುತ್ತದೆ. ಹಾಳೆ ತಿರುವುವ ಆ ಅರ್ಧ ಕ್ಷಣವೂ ಕಥೆಯದೇ ಭಾಗ. ಮೊಬೈಲಿನಲ್ಲಿ ಚೌಕಟ್ಟಿನಿಂದ ಚೌಕಟ್ಟಿಗೆ ಜಿಗಿಯುತ್ತಾ ಓದಿದವರಿಗೆ ಆ ಅರ್ಧ ಕ್ಷಣ ಇರುವುದಿಲ್ಲ, ಎರಡು ಪುಟದ ಹರಹಿನ ಚಿತ್ರ ಬೆಂಕಿಪೆಟ್ಟಿಗೆಯ ಲೇಬಲ್ಲಿನಷ್ಟಾಗಿರುತ್ತದೆ. ಕೊನೆಯ ಪುಟ ಸಪ್ಪೆ ಎಂದವರನ್ನು ನಾನು ಈಗ ಮೊದಲು ಕೇಳುವುದು, ಯಾವುದರಲ್ಲಿ ಓದಿದಿರಿ ಎಂದು.

ಅಭಿಮಾನಿಗಳ ಕೂಗಿನಿಂದ ಮುಂದಿನ ಸಂಚಿಕೆ ಬದಲಾಗುತ್ತದೆ ಎಂಬ ನಂಬಿಕೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಇಣುಕುತ್ತದೆ. ಬದಲಾಗುವುದಿಲ್ಲ, ಏಕೆಂದರೆ ನೀವು ಈ ಸಂಚಿಕೆ ಓದುವ ಹೊತ್ತಿಗೆ ಮುಂದಿನದು ಸಾಮಾನ್ಯವಾಗಿ ಚಿತ್ರವಾಗಿ, ಬಣ್ಣವಾಗಿ ಮುದ್ರಣದ ಹಾದಿ ಹಿಡಿದಿರುತ್ತದೆ. ಅಂಗಡಿಯವರು ಅದಕ್ಕೆ ಬೇಡಿಕೆ ಸಲ್ಲಿಸಿಯೂ ಆಗಿರುತ್ತದೆ. ಓದುಗರ ಪತ್ರದ ಪುಟಗಳಲ್ಲಿ ಎರಡು ಮೂರು ತಿಂಗಳ ಹಿಂದಿನ ಸಂಚಿಕೆಯ ಮಾತು ಕಾಣುವುದಕ್ಕೂ ಇದೇ ಕಾರಣ. ಅಂದಹಾಗೆ 'ಸಾಗಾ'ದ ಪತ್ರದ ಪುಟಕ್ಕೆ ಈ ಕಾಲದಲ್ಲೂ ಕಾಗದದ ಮೇಲೆ ಬರೆದು ಅಂಚೆಯಲ್ಲಿ ಕಳಿಸಿದರೆ ಮಾತ್ರ ಪ್ರವೇಶ. ಹುಚ್ಚಾಟ ಎನಿಸಬಹುದು, ಆದರೆ ಲಕೋಟೆ ಹುಡುಕಿ ಅಂಚೆಚೀಟಿ ಅಂಟಿಸುವಷ್ಟರಲ್ಲಿ ಸಿಟ್ಟು ಸ್ವಲ್ಪ ಆರಿರುತ್ತದೆ. ನನ್ನ ಎರಡು ಪುಟ ಆ ಜರಡಿಯಲ್ಲಿ ಉಳಿಯುತ್ತಿರಲಿಲ್ಲ.

ಕೂಗಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಫಲಿಸಲು ವರ್ಷಗಳು ಬೇಕು. ಬ್ರಿಟನ್ನಿನ '2000 ಎಡಿ' ವಾರಪತ್ರಿಕೆ 1977ರಿಂದ ಬರುತ್ತಿದೆ. ಅದರ ಓದುಗರು ಸಂಚಿಕೆಯನ್ನು 'ಪ್ರಾಗ್' ಎನ್ನುತ್ತಾರೆ. ಅಲ್ಲಿ ಜಾನಿ ಆಲ್ಫಾ ಎಂಬ ಬಾಹ್ಯಾಕಾಶದ ಬೇಟೆಗಾರನನ್ನು 1990ರಲ್ಲಿ ಕೊಂದರು. ಅದಕ್ಕೆ ಮೊದಲು ವಿರೋಧಿಸಿದವನು ಯಾವ ಓದುಗನೂ ಅಲ್ಲ, ಆ ಪಾತ್ರಕ್ಕೆ ರೂಪ ಕೊಟ್ಟ ಚಿತ್ರಕಾರ ಕಾರ್ಲೋಸ್ ಎಸ್ಕೆರಾ. ಈ ಸಾವನ್ನು ನಾನು ಬಿಡಿಸುವುದಿಲ್ಲ ಎಂದು ಅವರು ಕೈಯೆತ್ತಿದರು, ಬೇರೆಯವರು ಬಿಡಿಸಿದರು. ಸುಮಾರು ಇಪ್ಪತ್ತು ವರ್ಷಗಳ ನಂತರ ಲೇಖಕ ಜಾನ್ ವಾಗ್ನರ್ ಜತೆ ಸೇರಿ ಅದೇ ಎಸ್ಕೆರಾ ಜಾನಿಯನ್ನು ಮತ್ತೆ ಬದುಕಿಸಿದರು. ಸತ್ತವನನ್ನು ಎಬ್ಬಿಸುವುದು ಒಳ್ಳೆಯ ಕಥೆಯೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಎಸ್ಕೆರಾ ಅವರ ಹಟದ ಬಗ್ಗೆ ಇಲ್ಲ.

ಇನ್ನು ನಂಬಬಹುದಾದ ಪ್ರತಿಕ್ರಿಯೆ ಹೇಗಿರುತ್ತದೆ? ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಎಪ್ಪತ್ತು ವರ್ಷ ಹಳೆಯದು. 1952ರಲ್ಲಿ ಅಮೆರಿಕದ ಇಸಿ ಪ್ರಕಾಶನ ತನ್ನ 'ವಿಯರ್ಡ್ ಫ್ಯಾಂಟಸಿ' ಪತ್ರಿಕೆಯಲ್ಲಿ ವೈಜ್ಞಾನಿಕ ಕಥೆಗಾರ ರೇ ಬ್ರಾಡ್ಬರಿ ಅವರ ಎರಡು ಕಥೆಗಳನ್ನು ಬೆಸೆದು, ಅವರನ್ನು ಕೇಳದೆಯೇ, ಒಂದು ಕಾಮಿಕ್ಸ್ ಕಥೆ ಮಾಡಿತು. ಅದನ್ನು ಓದಿದ ಬ್ರಾಡ್ಬರಿ ವಕೀಲರನ್ನು ಕರೆಯಲಿಲ್ಲ. ನನ್ನ ಎರಡು ಕಥೆಗಳ ಹಕ್ಕಿನ ಐವತ್ತು ಡಾಲರ್ ಕಳಿಸಲು ಕಚೇರಿಯ ಗಡಿಬಿಡಿಯಲ್ಲಿ ಮರೆತಿರಬೇಕು ಎಂಬ ಧಾಟಿಯಲ್ಲಿ ವಿನಯದ ಪತ್ರ ಬರೆದರು. ಹಣ ಬಂತು, ಮುಂದೆ ಅವರ ಕಥೆಗಳು ಅನುಮತಿಯೊಂದಿಗೆ ಅಲ್ಲಿ ಬರತೊಡಗಿದವು. ಹೊಸ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಇಷ್ಟು ಚೊಕ್ಕವಾಗಿ ಕೆಲಸ ಮಾಡಿದ ಇನ್ನೊಂದನ್ನು ನಾನು ಕಂಡಿಲ್ಲ.

ಮರುವರ್ಷ ಅದೇ ಪತ್ರಿಕೆಯಲ್ಲಿ 'ಜಡ್ಜ್‌ಮೆಂಟ್ ಡೇ' ಎಂಬ ಕಥೆ ಬಂತು. ರೋಬೋಗಳ ಗ್ರಹವೊಂದು ಭೂಮಿಯ ಒಕ್ಕೂಟಕ್ಕೆ ಸೇರಲು ಅರ್ಹವೇ ಎಂದು ನೋಡಲು ಭೂಮಿಯಿಂದ ಒಬ್ಬ ಪರೀಕ್ಷಕ ಬರುತ್ತಾನೆ. ಕಿತ್ತಳೆ ಬಣ್ಣದ ರೋಬೋಗಳಿಗೆ ಎಲ್ಲ ಸೌಕರ್ಯ, ನೀಲಿ ರೋಬೋಗಳಿಗೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಸೀಟು. ಒಳಗಿನ ಯಂತ್ರವೆಲ್ಲ ಒಂದೇ, ಹೊರಗಿನ ಬಣ್ಣವಷ್ಟೇ ಬೇರೆ. ಇನ್ನೂ ಕಾಲ ಬಂದಿಲ್ಲ ಎಂದು ತೀರ್ಪು ಕೊಟ್ಟು ಪರೀಕ್ಷಕ ಹೊರಡುತ್ತಾನೆ. ಕಥೆಯುದ್ದಕ್ಕೂ ಅವನ ಮುಖ ಶಿರಸ್ತ್ರಾಣದ ಒಳಗಿರುತ್ತದೆ. ಕೊನೆಯ ಚೌಕಟ್ಟಿನಲ್ಲಿ, ನೌಕೆಯೊಳಗೆ, ಅದನ್ನು ತೆಗೆದಿರುತ್ತಾನೆ. ಅವನು ಕಪ್ಪು ವರ್ಣದವನು, ಚರ್ಮದ ಮೇಲಿನ ಬೆವರ ಹನಿಗಳು ದೂರದ ನಕ್ಷತ್ರಗಳಂತೆ ಮಿನುಗುತ್ತಿರುತ್ತವೆ. ಈ ಕಥೆಯನ್ನು ಮೆಚ್ಚಿಯೂ ಬ್ರಾಡ್ಬರಿ ಪತ್ರ ಬರೆದರು. 1956ರಲ್ಲಿ ಮರುಮುದ್ರಿಸಲು ಹೊರಟಾಗ ಅಚ್ಚಿಗೆ ಮೊದಲು ಪುಟಗಳನ್ನು ಪರಿಶೀಲಿಸುತ್ತಿದ್ದ ಕಾಮಿಕ್ಸ್ ಸಂಹಿತೆಯ ಅಧಿಕಾರಿಗಳು ಆ ಮುಖವನ್ನೇ ಬದಲಿಸಿ ಎಂದರು. ಪ್ರಕಾಶಕ ಬಿಲ್ ಗೇನ್ಸ್ ಮಣಿಯಲಿಲ್ಲ, ಚಿತ್ರ ಇದ್ದಂತೆಯೇ ಅಚ್ಚಾಯಿತು.

ನಾನು ಈಗ ಜನರ ಮಾತನ್ನು ಅಳೆಯುವುದು ಆ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊಗಳಲಿ, ತೆಗಳಲಿ, ಆ ಅಭಿಮಾನಿ ಒಂದು ಚೌಕಟ್ಟನ್ನು ತೋರಿಸುತ್ತಾನೆಯೇ? 'ಏಳನೆಯ ಪುಟದಲ್ಲಿ ಅವಳು ಕೈ ಹಿಂದಕ್ಕೆ ತೆಗೆದುಕೊಂಡದ್ದು ಹೋದ ಸಂಚಿಕೆಯ ಮಾತಿಗೆ ಹೊಂದುವುದಿಲ್ಲ' ಎನ್ನುವವನ ಜತೆ ನಾನು ಎಷ್ಟು ಹೊತ್ತು ಬೇಕಾದರೂ ಜಗಳವಾಡಬಲ್ಲೆ. 'ಲೇಖಕನಿಗೆ ಸರಕು ಮುಗಿದಿದೆ' ಎನ್ನುವವನ ಹತ್ತಿರ ಮಾತಿಗೆ ಜಾಗವೇ ಇಲ್ಲ. 'ಅತ್ಯದ್ಭುತ, ಪದಗಳೇ ಇಲ್ಲ' ಎನ್ನುವವನೂ ಅದೇ ಸಾಲಿನವನು.

ನಿಮ್ಮ ಸರಣಿಯ ವಿಷಯಕ್ಕೆ ಬಂದರೆ, ನಿಮಗೆ ಹಿಡಿಸಿದೆ, ಓದುತ್ತಾ ಹೋಗಿ. ಇನ್ನು ಎರಡು ಸಂಚಿಕೆ ಬಂದ ಮೇಲೆ ಈ ಸಂಚಿಕೆಯನ್ನು ಇನ್ನೊಮ್ಮೆ ಓದಿ, ಆಮೇಲೆ ಇತರರ ಮಾತು ಕೇಳಿ. ನಾನು ಹಾಗೆ ಮಾಡುತ್ತೇನೆಯೇ ಎಂದು ಮಾತ್ರ ಕೇಳಬೇಡಿ. ಮೂರೂವರೆ ವರ್ಷ ಕಾಯಿಸಿ 2022ರ ಜನವರಿಯಲ್ಲಿ 'ಸಾಗಾ'ದ 55ನೆಯ ಸಂಚಿಕೆ ಬಂದಾಗ, ಇನ್ನು ಮುಟ್ಟುವುದಿಲ್ಲ ಎಂದು ಬರೆದಿದ್ದ ನಾನು ಅದನ್ನು ಒಂದೇ ಉಸಿರಿಗೆ ಓದಿದೆ. ಕೊನೆಯ ಪುಟ ಮುಚ್ಚಿದ ತಕ್ಷಣ, ಚಿತ್ರಗಳನ್ನು ಇನ್ನೊಮ್ಮೆ ನೋಡುವ ಮೊದಲೇ, ಉಳಿದವರು ಏನೆನ್ನುತ್ತಿದ್ದಾರೆ ಎಂದು ಹುಡುಕಿಕೊಂಡು ಹೋದೆ.