ಜೈನ, ಬೌದ್ಧ ಧರ್ಮಗಳಲ್ಲಿ ಗೃಹಸ್ಥ ಅನುಯಾಯಿಗಳ ಪಾತ್ರವೇನು?

ಎರಡರಲ್ಲೂ ಸನ್ಯಾಸಿಗಳ ಅನ್ನ, ವಸತಿಯ ಹೊಣೆ ಗೃಹಸ್ಥರದ್ದೇ. ಆದರೆ ಜೈನ ಶ್ರಾವಕ-ಶ್ರಾವಕಿಯರಿಗೆ (ಗೃಹಸ್ಥ ಜೈನರಿಗೆ) ಕಟ್ಟುಪಾಡು ಹೆಚ್ಚು, ಬೌದ್ಧ ಉಪಾಸಕರಿಗೆ (ಗೃಹಸ್ಥ ಬೌದ್ಧರಿಗೆ) ಕಡಿಮೆ.

ಈ ವ್ಯತ್ಯಾಸ ಭಿಕ್ಷೆಯ ರೀತಿಯಲ್ಲೇ ಕಾಣುತ್ತದೆ. ಬೌದ್ಧ ಭಿಕ್ಷು ಯಾವ ಮನೆಯವರು ಕೊಟ್ಟರೂ ಪಾತ್ರೆಗೆ ಹಾಕಿಸಿಕೊಳ್ಳಬಹುದಿತ್ತು. ಕೊಡುವವರು ಬೌದ್ಧರೇ ಆಗಿರಬೇಕಿರಲಿಲ್ಲ. ಉಪಾಸಕರಾಗಲು ತ್ರಿಶರಣ (ಬುದ್ಧ, ಧರ್ಮ, ಸಂಘಗಳಿಗೆ ಶರಣಾಗುವುದು), ಪಂಚಶೀಲ (ಐದು ನೀತಿನಿಯಮಗಳು) ಸಾಕು. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕ ಜೇತವನವೆಂಬ ಉದ್ಯಾನವನ್ನೇ ಕೊಂಡು ಭಿಕ್ಷುಗಳ ಸಂಘಕ್ಕೆ ಕೊಟ್ಟದ್ದು ಪ್ರಸಿದ್ಧ.

ಜೈನರಲ್ಲಿ ಹಾಗಲ್ಲ. ದಿಗಂಬರ ಪಂಥದ ಮುನಿಗಳು ದಿನಕ್ಕೊಮ್ಮೆ, ನಿಂತೇ, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ನೀರು ಸೋಸಿರಬೇಕು, ಗಡ್ಡೆಗೆಣಸು ಇರಕೂಡದು, ಅಡುಗೆ ಶುದ್ಧವಾಗಿರಬೇಕು. ಅಂದರೆ ಬಡಿಸುವ ಮನೆಯೇ ನಿಯಮ ಪಾಲಿಸುತ್ತಿರಬೇಕು! ಅಹಿಂಸೆ, ಸತ್ಯ ಮೊದಲಾದ ಮುನಿಗಳ ಐದು ಮಹಾವ್ರತಗಳನ್ನೇ ಗೃಹಸ್ಥರು ಅಣುವ್ರತಗಳಾಗಿ, ಸೌಮ್ಯ ರೂಪದಲ್ಲಿ ಹಿಡಿಯುತ್ತಾರೆ. ಮುನಿ, ಆರ್ಯಿಕೆಯರ (ಸನ್ಯಾಸಿನಿಯರ) ಜೊತೆ ಶ್ರಾವಕ, ಶ್ರಾವಕಿಯರೂ ಸೇರಿದರಷ್ಟೇ ಚತುರ್ವಿಧ ಸಂಘ, ಅಂದರೆ ನಾಲ್ಕು ಬಗೆಯವರ ಜೈನ ಸಮುದಾಯ.

ಭಾರತದಲ್ಲಿ ದೊಡ್ಡ ವಿಹಾರಗಳು ನಾಶವಾದಾಗ ಬೌದ್ಧಧರ್ಮ ಕುಗ್ಗಿ, ಜೈನಧರ್ಮ ಉಳಿದುಕೊಳ್ಳಲು ಗೃಹಸ್ಥರ ಈ ಗಟ್ಟಿ ನಂಟೂ ಒಂದು ಕಾರಣ ಎಂದು ಹಲವು ವಿದ್ವಾಂಸರ ಅಭಿಪ್ರಾಯ; ನನಗೂ ಅದು ಸರಿ ಅನ್ನಿಸುತ್ತದೆ. ನಮ್ಮ ಅತ್ತಿಮಬ್ಬೆ ಸನ್ಯಾಸಿನಿಯಲ್ಲ, ಶ್ರಾವಕಿ. ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆಯೇ.